ಚಿಕಿತ್ಸಾ ಪ್ರಯೋಗದಲ್ಲಿ ರೋಗಿಯ ಪಾಲು

1956ರಲ್ಲಿ ಮದರಾಸು ನಗರದಲ್ಲಿ ಕ್ಷಯರೋಗದ ಚಿಕಿತ್ಸೆಯನ್ನು ಕುರಿತು ಸಂಶೋಧನೆ ನಡೆಸುವ ಒಂದು ಕೇಂದ್ರವು ಸ್ಥಾಪಿತವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ, ಈ ನಾಲ್ಕರ ಸಹಕಾರದಿಂದ ಹುಟ್ಟಿದ ಆ ಕೇಂದ್ರದ ಮುಂದಿದ್ದ ಪ್ರಶ್ನೆ ಕೇಳುವುದಕ್ಕೆ ಸರಳವಾದದ್ದು, ಉತ್ತರಿಸುವುದಕ್ಕೆ ಮಾತ್ರ ಅಂದಿನ ಘನ ವೈದ್ಯರಿಗೂ ಅಳವಲ್ಲದ್ದು: ಕ್ಷಯರೋಗಿಯನ್ನು ಸ್ಯಾನಟೋರಿಯಂಗೆ ಸೇರಿಸದೆ, ಅವನ ಮನೆಯಲ್ಲಿಯೇ ಇರಗೊಟ್ಟು, ಔಷಧವನ್ನು ಮಾತ್ರ ಕೊಡುತ್ತ ಗುಣಪಡಿಸಲು ಸಾಧ್ಯವೇ? ತಿಂಗಳುಗಟ್ಟಲೆ ವಿಶ್ರಾಂತಿ, ಪುಷ್ಟಿಕರವಾದ ಆಹಾರ, ನಿರ್ಮಲವಾದ ಗಾಳಿ, ಇವಿಲ್ಲದೆ ಕ್ಷಯವು ಗುಣವಾಗದೆಂಬುದು ಹಲವು ತಲೆಮಾರುಗಳ ವೈದ್ಯರು ನಂಬಿದ್ದ ಸಿದ್ಧಾಂತ. ಆದರೆ ಈ ದೇಶದ ಕ್ಷಯರೋಗಿಗಳ ಸಂಖ್ಯೆಯೆಲ್ಲಿ, ಆಸ್ಪತ್ರೆಗಳಲ್ಲಿದ್ದ ಹಾಸಿಗೆಗಳ ಸಂಖ್ಯೆಯೆಲ್ಲಿ! ಸ್ಯಾನಟೋರಿಯಂ ಒಂದೇ ದಾರಿಯೆನ್ನುವುದಾದರೆ ಬಹುಪಾಲು ರೋಗಿಗಳಿಗೆ ದಾರಿಯೇ ಇಲ್ಲವೆಂದು ಒಪ್ಪಿಕೊಂಡಂತಾಗುತ್ತಿತ್ತು.

ವಾಲೆಸ್ ಫಾಕ್ಸ್ ಎಂಬ ಬ್ರಿಟಿಷ್ ವೈದ್ಯನ ನೇತೃತ್ವದಲ್ಲಿ ಆ ಕೇಂದ್ರದವರು ನಗರದ ಬಡ ಬಡಾವಣೆಗಳಿಂದ ಬಂದ ರೋಗಿಗಳನ್ನು ಎರಡು ಗುಂಪುಗಳನ್ನಾಗಿ ವಿಂಗಡಿಸಿದರು. ಯಾರು ಮನೆಗೆ, ಯಾರು ಸ್ಯಾನಟೋರಿಯಂಗೆ ಎಂಬುದನ್ನು ವೈದ್ಯನ ಇಚ್ಛೆಯಾಗಲಿ ರೋಗಿಯ ಇಚ್ಛೆಯಾಗಲಿ ನಿರ್ಧರಿಸಲಿಲ್ಲ; ಚೀಟಿ ಎತ್ತಿದಂತೆ, ಕೇವಲ ಯಾದೃಚ್ಛಿಕವಾಗಿ ಅದು ನಿಶ್ಚಯವಾಯಿತು. ಎರಡು ಗುಂಪಿನವರಿಗೂ ದೊರೆತ ಔಷಧಗಳು ಅವೇ, ಐಸೋನಿಯಾಜಿಡ್ ಮತ್ತು ಪಿ.ಎ.ಎಸ್.; ಅವಧಿಯೂ ಅದೇ, ಒಂದು ವರ್ಷ. ಸ್ಯಾನಟೋರಿಯಂನಲ್ಲಿದ್ದವರಿಗೆ ಹಾಸಿಗೆಯೂ ದಾದಿಯರ ಆರೈಕೆಯೂ ಒಳ್ಳೆಯ ಊಟವೂ ದೊರೆತರೆ, ಮನೆಯಲ್ಲಿದ್ದವರು ಇಕ್ಕಟ್ಟಾದ ಕೋಣೆಗಳಲ್ಲಿ ಮನೆಮಂದಿಯೊಡನೆ ಇದ್ದು, ಸಾಕಾಗದ ಊಟವನ್ನೇ ಉಂಡು ಔಷಧವನ್ನು ಸೇವಿಸಿದರು. ವರ್ಷದ ಕೊನೆಯಲ್ಲಿ ನೋಡಲಾಗಿ, ಸ್ಯಾನಟೋರಿಯಂನವರಲ್ಲಿ ಶೇಕಡಾ 92 ಮಂದಿಗೆ, ಮನೆಯವರಲ್ಲಿ ಶೇಕಡಾ 86 ಮಂದಿಗೆ ತೃಪ್ತಿಕರವಾಗಿ ಗುಣ ಕಂಡಿತ್ತು. ಚಿಕಿತ್ಸೆ ಆರಂಭವಾದಂದಿನಿಂದ ಒಟ್ಟು ಐದು ವರ್ಷಗಳ ಕಾಲ ಅವರನ್ನೂ ಅವರ ಮನೆಯವರನ್ನೂ ಪರೀಕ್ಷಿಸುತ್ತ ಬಂದಾಗ, ರೋಗವು ಮರುಕಳಿಸುವುದರಲ್ಲಿಯಾಗಲಿ ಮನೆಯ ಇತರರಿಗೆ ಹರಡುವುದರಲ್ಲಿಯಾಗಲಿ ಈ ಎರಡು ಪಕ್ಷಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಮೊದಲ ವರ್ಷದ ಫಲಿತಾಂಶವು 1959ರಲ್ಲಿಯೇ ಪ್ರಕಟವಾಗಿತ್ತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಆರಂಭವಾಗಿ, ಅಲ್ಲಿ ರೂಪುಗೊಂಡ ರಾಷ್ಟ್ರೀಯ ಕಾರ್ಯಕ್ರಮವು ಮನೆಯಲ್ಲಿಯೇ ಚಿಕಿತ್ಸೆಯೆಂಬ ತತ್ತ್ವವನ್ನು ಹಿಡಿದು 1962ರಿಂದ ದೇಶದಲ್ಲಿ ಹರಡಿತು. ಇಂದು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಷಯದ ಮಾತ್ರೆಯನ್ನು ಪಡೆದು ಮನೆಗೆ ಹಿಂದಿರುಗುವ ಪ್ರತಿಯೊಬ್ಬನೂ, ಆ ಮದರಾಸಿನ ರೋಗಿಗಳಿಗೆ ಅರಿಯದೆಯೇ ಋಣಿಯಾಗಿದ್ದಾನೆ. ಅವರು ಇನ್ನೂರು ಮಂದಿಯೂ ಇರಲಿಲ್ಲ. ಅವರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇಲ್ಲ.

ಚಿಕಿತ್ಸಾ ಪ್ರಯೋಗ, ಅಂದರೆ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಟ್ರಯಲ್ ಎಂದು ಕರೆಯುವುದು, ಏನೆಂಬುದನ್ನು ತಿಳಿಸಲು ಈ ಪ್ರಸಂಗಕ್ಕಿಂತ ಉತ್ತಮವಾದ ಉದಾಹರಣೆ ನನಗೆ ತೋರದು. ಅದರ ಮೂಲದಲ್ಲಿರುವುದು ವೈದ್ಯನ ಪ್ರಾಮಾಣಿಕವಾದ ಅಜ್ಞಾನ. ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲೆಂಬುದು ನಿಜವಾಗಿಯೂ ತಿಳಿಯದಿದ್ದಾಗ ಮಾತ್ರ, ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಪಾಲು ಮಾಡುವುದಕ್ಕೆ ವೈದ್ಯನಿಗೆ ನೈತಿಕವಾದ ಅಧಿಕಾರವುಂಟು. ತಿಳಿದಿದ್ದೂ ಹಾಗೆ ಮಾಡುವುದು ದ್ರೋಹವಾದೀತು. ಆದಕಾರಣ ಪ್ರಯೋಗವೊಂದಕ್ಕೆ ಸೇರುವಿರಾ ಎಂದು ಯಾರಾದರೂ ನಮ್ಮನ್ನು ಕೇಳಿದಾಗ ನಾವು ಮೊತ್ತಮೊದಲು ಕೇಳತಕ್ಕ ಮಾತು, ಇದರಿಂದ ನನಗೆ ಗುಣವಾಗುವುದೇ ಎಂಬುದಲ್ಲ. ಇದರಿಂದ ನೀವು ತಿಳಿಯಬಯಸುವುದೇನು, ಅದು ಈಗಾಗಲೇ ಏಕೆ ತಿಳಿದಿಲ್ಲ, ಎಂಬುದು. ಈ ಪ್ರಶ್ನೆಗೆ ನಾಲ್ಕು ವಾಕ್ಯಗಳಲ್ಲಿ ಸ್ಪಷ್ಟವಾದ ಉತ್ತರವನ್ನು ಕೊಡಲಾರದ ವೈದ್ಯನ ಪ್ರಯೋಗಕ್ಕೆ ಸೇರದಿರುವುದೇ ಲೇಸು.

ಇಂಥ ಪ್ರಯೋಗಗಳಲ್ಲಿ ರೋಗಿಗೆ ಪ್ರಶ್ನೆ ಕೇಳುವ ಹಕ್ಕು ಮೊದಲಿನಿಂದಲೂ ಇದ್ದಿತೆಂದು ಭಾವಿಸಬಾರದು. ಯಾದೃಚ್ಛಿಕ ಹಂಚಿಕೆಯ ಆಧುನಿಕ ಪದ್ಧತಿಗೆ ಮೇಲ್ಪಂಕ್ತಿಯೆನಿಸಿದ್ದು 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪ್ರಯೋಗ. ಯುದ್ಧದಿಂದ ಬಳಲಿದ ಆ ದೇಶಕ್ಕೆ ಅಮೆರಿಕದಿಂದ ಬರುತ್ತಿದ್ದ ಆ ಔಷಧವು ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಇದ್ದುದನ್ನು ಹೇಗೆ ಹಂಚಿದರೂ ಹಲವರಿಗೆ ಇಲ್ಲವಾಗುವುದು ಅನಿವಾರ್ಯವಾದ್ದರಿಂದ, ಹಂಚಿಕೆಯನ್ನೇ ಜ್ಞಾನಸಾಧನವನ್ನಾಗಿ ಮಾಡಿಕೊಳ್ಳಬಹುದೆಂದು ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫೋರ್ಡ್ ಹಿಲ್ ಸೂಚಿಸಿದನು. ಒಟ್ಟು 107 ರೋಗಿಗಳು. 55 ಮಂದಿಗೆ ಔಷಧ ಮತ್ತು ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳು ಕಳೆಯುವುದರೊಳಗೆ ಔಷಧ ಪಡೆದವರಲ್ಲಿ 4 ಮಂದಿಯೂ ಪಡೆಯದವರಲ್ಲಿ 14 ಮಂದಿಯೂ ತೀರಿಕೊಂಡರು. ವಿಜ್ಞಾನದ ದೃಷ್ಟಿಯಿಂದ ಇದು ಪ್ರಶ್ನಾತೀತವಾದ ಸಾಧನೆಯೇ. ಆದರೆ ಔಷಧ ಪಡೆಯದ ಆ 52 ಮಂದಿಗೆ, ತಾವು ಒಂದು ಪ್ರಯೋಗದ ಭಾಗವೆಂಬುದನ್ನು ಯಾರೂ ತಿಳಿಸಿರಲಿಲ್ಲ. ಅಂದಿನ ಸಜ್ಜನ ವೈದ್ಯರಿಗೆ ಅದು ಅನ್ಯಾಯವೆಂದು ತೋರಲೂ ಇಲ್ಲವೆನ್ನುವುದು ನಮ್ಮನ್ನು ಆಲೋಚನೆಗೆ ಹಚ್ಚತಕ್ಕ ಸಂಗತಿ. ನಾಜಿ ವೈದ್ಯರ ವಿಚಾರಣೆಯ ಕೊನೆಯಲ್ಲಿ, 1947ರಲ್ಲಿ, ನ್ಯೂರೆಂಬರ್ಗಿನ ನ್ಯಾಯಾಲಯವು ಮನುಷ್ಯನ ಸ್ವಯಂಪ್ರೇರಿತವಾದ ಒಪ್ಪಿಗೆಯೇ ಪ್ರಯೋಗದ ಮೊದಲ ನಿಯಮವೆಂದು ಸಾರಿತ್ತು. 1964ರಲ್ಲಿ ಹೆಲ್ಸಿಂಕಿಯಲ್ಲಿ ಜಾಗತಿಕ ವೈದ್ಯ ಸಂಘವು ಅದನ್ನು ತನ್ನ ಘೋಷಣೆಯಾಗಿ ಅಂಗೀಕರಿಸಿತು. ಹಾಗಿದ್ದೂ ಅಮೆರಿಕದ ಟಸ್ಕೀಗಿಯಲ್ಲಿ ಉಪದಂಶ ಪೀಡಿತರಾದ ಬಡ ಕಪ್ಪು ಜನರನ್ನು, ಪೆನಿಸಿಲಿನ್ ಲಭ್ಯವಾದ ಮೇಲೂ ಅದನ್ನು ಕೊಡದೆ ಬರಿದೇ ವೀಕ್ಷಿಸುತ್ತಿದ್ದ ಅಧ್ಯಯನವು 1972ರವರೆಗೂ ಮುಂದುವರಿಯಿತು.

ಚೀಟಿ ಎತ್ತುವ ಮಾತು ಕೇಳಿದೊಡನೆ ನಮ್ಮ ಜನಕ್ಕೆ ಸಹಜವಾಗಿಯೇ ಭಯವಾಗುವುದು. ಹೊಸ ಔಷಧ ನನ್ನ ಪಾಲಿಗೆ ಬರದಿದ್ದರೆ? ಪ್ಲಸೀಬೋ ಎಂಬ ಸತ್ತ್ವಹೀನವಾದ ಗುಳಿಗೆಯೇ ಬಂದರೆ? ಈ ಭಯದ ಹಿಂದಿರುವುದು, ಹೊಸದೆಲ್ಲವೂ ಒಳ್ಳೆಯದೇ ಎಂಬ ಪೂರ್ವಗ್ರಹ. ಇದನ್ನು ಸುಳ್ಳುಮಾಡಿದ ದೃಷ್ಟಾಂತಗಳು ವೈದ್ಯಶಾಸ್ತ್ರದ ಇತಿಹಾಸದಲ್ಲಿ ಬೇಕಾದಷ್ಟಿವೆ. ಹೃದಯಾಘಾತವಾದವರಲ್ಲಿ ಎದೆಬಡಿತವು ಆಗಾಗ ಲಯ ತಪ್ಪುವುದು ಮರಣದ ಮುನ್ಸೂಚನೆಯೆಂದು ತಿಳಿದಿದ್ದ ವೈದ್ಯರು, ಆ ಲಯವನ್ನು ಸರಿಪಡಿಸುವ ಎನ್ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳನ್ನು 1980ರ ದಶಕದಲ್ಲಿ ಧಾರಾಳವಾಗಿ ಕೊಡುತ್ತಿದ್ದರು. ಔಷಧವು ಲಯವನ್ನು ಸರಿಪಡಿಸುತ್ತಿದ್ದುದು ನಿಜ. ಪ್ರಾಣವನ್ನೂ ಉಳಿಸುವುದೇ ಎಂದು ಅಮೆರಿಕದಲ್ಲಿ ಒಂದು ಪ್ರಯೋಗದಿಂದ ಪರೀಕ್ಷಿಸಿದಾಗ, ಔಷಧ ಪಡೆದ 755 ಮಂದಿಯಲ್ಲಿ 63 ಮಂದಿಯೂ ಪ್ಲಸೀಬೋ ಪಡೆದ 743 ಮಂದಿಯಲ್ಲಿ 26 ಮಂದಿಯೂ ಸತ್ತಿದ್ದರು. 1989ರಲ್ಲಿಯೇ ಆ ಭಾಗವನ್ನು ನಿಲ್ಲಿಸಬೇಕಾಯಿತು. ಸತ್ತ್ವಹೀನವಾದ ಗುಳಿಗೆ ದೊರೆತವರೇ ಅಲ್ಲಿ ಪುಣ್ಯವಂತರು! ಪ್ರಯೋಗ ನಡೆಯದಿದ್ದಿದ್ದರೆ ಆ ಔಷಧಗಳು ಇನ್ನೆಷ್ಟು ಮನೆಗಳ ದೀಪವನ್ನು ಆರಿಸುತ್ತಿದ್ದವೆಂದು ನೆನೆದರೆ ಮನಸ್ಸು ನಡುಗುವುದು. ಅಲ್ಲದೆ, ಕಾಯಿಲೆಗೆ ಸಿದ್ಧವಾದ ಚಿಕಿತ್ಸೆಯೊಂದು ಇರುವಾಗ ಅದನ್ನು ತಪ್ಪಿಸಿ ಬರಿಯ ಪ್ಲಸೀಬೋ ಕೊಡುವುದು ಸಾಮಾನ್ಯವಾಗಿ ಸಲ್ಲದು. ಎಷ್ಟೋ ಪ್ರಯೋಗಗಳಲ್ಲಿ ಎಲ್ಲರಿಗೂ ರೂಢಿಯ ಚಿಕಿತ್ಸೆ ಇದ್ದೇ ಇರುವುದು, ಅದರ ಮೇಲೆ ಒಂದು ಪಾಲಿಗೆ ಹೊಸ ಔಷಧ, ಇನ್ನೊಂದು ಪಾಲಿಗೆ ಪ್ಲಸೀಬೋ. ಎರಡೂ ಪಾಲಿನವರ ಹಿತವನ್ನು ಕಾಯುವುದಕ್ಕಾಗಿ ದೊಡ್ಡ ಪ್ರಯೋಗಗಳಲ್ಲಿ ಪ್ರತ್ಯೇಕವಾದ ತಜ್ಞರ ಮಂಡಳಿಯೊಂದು ನಡುನಡುವೆ ಅಂಕಿ ಅಂಶಗಳನ್ನು ಪರಿಶೀಲಿಸಿ, ಕೇಡು ಕಂಡಲ್ಲಿ ಪ್ರಯೋಗವನ್ನು ನಿಲ್ಲಿಸುವಂತೆ ಸಲಹೆ ಕೊಡುವುದು.

ನಮ್ಮ ಕಣ್ಣೆದುರೇ ನಡೆದ ಇನ್ನೊಂದು ದೃಷ್ಟಾಂತವನ್ನು ಇಲ್ಲಿ ಹೇಳಲೇಬೇಕು. ಕೋವಿಡ್ ಬಂದಾಗ, ಗುಣವಾದವರ ರಕ್ತದ ಪ್ಲಾಸ್ಮಾವನ್ನು ರೋಗಿಗೆ ಕೊಟ್ಟರೆ ಬದುಕುವನೆಂಬ ನಂಬಿಕೆ ದೇಶವನ್ನೆಲ್ಲ ಆವರಿಸಿತು. 2020ರ ಏಪ್ರಿಲ್‌ನಿಂದ ಜುಲೈವರೆಗೆ ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಸೇರಿಸಿಕೊಂಡು ನಡೆಸಿದ ಪ್ರಯೋಗದಲ್ಲಿ, ಕಾಯಿಲೆ ಉಲ್ಬಣಿಸಿದವರು ಅಥವಾ ಮೃತರಾದವರು ಪ್ಲಾಸ್ಮಾ ಪಡೆದವರಲ್ಲಿ ಶೇಕಡಾ 19, ಪಡೆಯದವರಲ್ಲಿ ಶೇಕಡಾ 18. ಅಂದರೆ ಪ್ರಯೋಜನವಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿಯೇ ಇದು ಪ್ರಕಟವಾಗಿದ್ದರೂ, ಮರುವರ್ಷದ ಎರಡನೆಯ ಅಲೆಯಲ್ಲಿ ಸಾವಿರಾರು ಕುಟುಂಬಗಳವರು ಪ್ಲಾಸ್ಮಾಕ್ಕಾಗಿ ಹಗಲಿರುಳು ಅಲೆದರು. 2021ರ ಮೇ ತಿಂಗಳಲ್ಲಿ ಮಾತ್ರ ಅದು ರಾಷ್ಟ್ರೀಯ ಚಿಕಿತ್ಸಾ ಸೂತ್ರದಿಂದ ಹೊರಬಿದ್ದಿತು. 464 ಮಂದಿ ತಮ್ಮ ಸಂಕಟದ ನಡುವೆಯೂ ಒದಗಿಸಿಕೊಟ್ಟ ಉತ್ತರವನ್ನು ನಾವು ಕಿವಿಗೆ ಹಾಕಿಕೊಳ್ಳಲಿಲ್ಲವೆಂಬುದು, ನನ್ನ ಮಟ್ಟಿಗಂತೂ, ಆ ಕಾಲದ ದುಃಖಗಳಲ್ಲಿ ಒಂದು.

ಪ್ರಯೋಗಗಳೆಲ್ಲವೂ ಒಂದೇ ಬಗೆಯವಲ್ಲ. ಮೊದಲ ಹಂತದಲ್ಲಿ ಕೆಲವೇ ಮಂದಿಗೆ ಕೊಟ್ಟು, ಔಷಧವನ್ನು ದೇಹವು ತಾಳುವುದೇ, ಎಷ್ಟು ಪ್ರಮಾಣದವರೆಗೆ ತಾಳುವುದು ಎಂಬುದನ್ನು ನೋಡುತ್ತಾರೆ. ಎರಡನೆಯದರಲ್ಲಿ ಗುಣದ ಸುಳಿವನ್ನು ಅರಸುತ್ತಾರೆ. ಮೂರನೆಯದರಲ್ಲಿ ನೂರಾರು, ಸಾವಿರಾರು ಮಂದಿಯಲ್ಲಿ ರೂಢಿಯ ಚಿಕಿತ್ಸೆಯೊಡನೆ ಹೋಲಿಸುತ್ತಾರೆ. ಔಷಧವು ಮಾರುಕಟ್ಟೆಗೆ ಬಂದ ಮೇಲಿನ ವೀಕ್ಷಣೆಯೇ ನಾಲ್ಕನೆಯದು. ರೋಗಿಗೆ ಇದು ಕೇವಲ ಪಾರಿಭಾಷಿಕ ವಿವರವೆಂದು ತೋರಬಹುದು, ಆದರೆ ಹಾಗಲ್ಲ. ಎಲ್ಲ ಚಿಕಿತ್ಸೆಗಳೂ ವಿಫಲವಾದ ಕ್ಯಾನ್ಸರ್ ರೋಗಿಗೆ ಮೊದಲ ಹಂತದ ಪ್ರಯೋಗವೊಂದನ್ನು ಸೂಚಿಸಿದಾಗ, ಅವನೂ ಅವನ ಮನೆಯವರೂ ಅದನ್ನು ಕಡೆಯ ಚಿಕಿತ್ಸೆಯೆಂದೇ ಗ್ರಹಿಸುತ್ತಾರೆ; ಪ್ರಯೋಗದ ಮುಖ್ಯೋದ್ದೇಶವಾದರೋ ಸುರಕ್ಷಿತ ಪ್ರಮಾಣದ ನಿರ್ಣಯ. ಈ ತಪ್ಪುತಿಳಿವಳಿಕೆಯನ್ನು ನಿವಾರಿಸುವುದು ವೈದ್ಯನ ಧರ್ಮ. ಅವನು ಮರೆತರೆ ಕೇಳಿ ತಿಳಿದುಕೊಳ್ಳಬೇಕಾದುದು ನಮ್ಮ ಕೆಲಸ. ಇನ್ನು ಕೆಲವು ಪ್ರಯೋಗಗಳಿಗೆ ಕಾಯಿಲೆಯೇ ಬೇಕಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆ ಕೇಂದ್ರವಾಗಿ ದೇಶದ 50 ಸ್ಥಳಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪಾಲಿಕ್ಯಾಪ್ ಅಧ್ಯಯನದಲ್ಲಿ, ರಕ್ತದೊತ್ತಡ, ಕೊಲೆಸ್ಟರಾಲ್ ಮೊದಲಾದವುಗಳಿಗೆ ಸಲ್ಲುವ ಐದು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಕೂಡಿಸಿ ಪರೀಕ್ಷಿಸಿದರು. ಭಾಗವಹಿಸಿದ 2,053 ಮಂದಿ ಹೃದ್ರೋಗ ಬಾರದಿದ್ದವರು, ಬರಬಹುದಾದ ಕಾರಣವೊಂದನ್ನು ಹೊತ್ತಿದ್ದವರು.

ಹಾಗಾದರೆ ತನ್ನ ಕಾಯಿಲೆಗೆ ಸಂಬಂಧಿಸಿದ ಪ್ರಯೋಗವು ಎಲ್ಲಿ ನಡೆಯುತ್ತಿದೆಯೆಂಬುದನ್ನು ರೋಗಿಯು ತಿಳಿಯುವುದು ಹೇಗೆ? ನಮ್ಮ ದೇಶದಲ್ಲಿ ಇದಕ್ಕೆ ಒಂದು ಬಹಿರಂಗವಾದ ದಾಖಲೆಯಿದೆಯೆಂಬುದು ಬಹು ಮಂದಿಗೆ ತಿಳಿಯದು. ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾ, ಸಂಕ್ಷೇಪವಾಗಿ ಸಿಟಿಆರ್‌ಐ, ಐಸಿಎಂಆರ್‌ನ ಆಶ್ರಯದಲ್ಲಿ 2007ರ ಜುಲೈ 20ರಂದು ಆರಂಭವಾಯಿತು. 2009ರ ಜೂನ್ 15ರಿಂದ ಔಷಧ ನಿಯಂತ್ರಕರ ಅನುಮತಿ ಬೇಕಾದ ಪ್ರಯೋಗಗಳೆಲ್ಲವೂ ಅದರಲ್ಲಿ ನೋಂದಣಿಯಾಗುವುದು ಕಡ್ಡಾಯವಾಯಿತು. ಯಾರು ಬೇಕಾದರೂ, ಹಣವಿಲ್ಲದೆ, ಕಾಯಿಲೆಯ ಹೆಸರನ್ನು ಕೊಟ್ಟು ಅದರಲ್ಲಿ ಹುಡುಕಬಹುದು. ಒಂದೊಂದು ಪ್ರಯೋಗಕ್ಕೂ ಅಲ್ಲಿ ಒಂದು ಸಂಖ್ಯೆಯಿರುವುದು. ನಡೆಯುವ ಆಸ್ಪತ್ರೆಗಳು ಯಾವುವು, ಮುಖ್ಯ ಸಂಶೋಧಕರು ಯಾರು, ಹಣ ಕೊಡುವವರು ಯಾರು, ಎಂಥವರನ್ನು ಸೇರಿಸಿಕೊಳ್ಳುತ್ತಾರೆ, ಎಂಥವರನ್ನು ಬಿಡುತ್ತಾರೆ, ಸೇರಿಸಿಕೊಳ್ಳುವ ಕೆಲಸ ಈಗ ನಡೆಯುತ್ತಿದೆಯೋ ಮುಗಿದಿದೆಯೋ, ಸಾರ್ವಜನಿಕರು ಯಾರನ್ನು ವಿಚಾರಿಸಬೇಕು ಎಂಬುದೆಲ್ಲವೂ ಅಲ್ಲಿ ಬರೆದಿರುವುದು. ಆದರೆ ಬರೆದಿರುವುದು ಇಂಗ್ಲಿಷಿನಲ್ಲಿ, ಅದೂ ವೈದ್ಯರ ಪರಿಭಾಷೆಯಲ್ಲಿ. ನಾಡಿನ ರೋಗಿಗಳಿಗಾಗಿಯೇ ಇರುವ ದಾಖಲೆಯು ನಾಡಿನ ನುಡಿಗಳಲ್ಲಿ ಇಲ್ಲದಿರುವುದು ದೊಡ್ಡ ಕೊರತೆ; ಇದು ನೀಗಬೇಕು. ಅಲ್ಲಿಯವರೆಗೆ ಓದುಬಲ್ಲ ಮಗನನ್ನೋ ಮೊಮ್ಮಗಳನ್ನೋ ಜೊತೆಯಲ್ಲಿ ಕೂರಿಸಿಕೊಂಡು ಹುಡುಕಿ, ಸಿಕ್ಕಿದ್ದನ್ನು ಚಿಕಿತ್ಸೆ ಮಾಡುತ್ತಿರುವ ವೈದ್ಯರಿಗೆ ತೋರಿಸಿ ಚರ್ಚಿಸುವುದೇ ದಾರಿ. ಕಾಯಿಲೆ ಅಪರೂಪದ್ದಾದರೆ ಅಮೆರಿಕದ ದಾಖಲೆಯಾದ ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್, ವಿಶ್ವ ಆರೋಗ್ಯ ಸಂಸ್ಥೆಯ ದಾಖಲೆ, ಇವುಗಳಲ್ಲಿಯೂ ನೋಡಬಹುದು. ದಾಖಲೆಯಲ್ಲಿದ್ದ ಮಾತ್ರಕ್ಕೆ ಪ್ರಯೋಗವು ಉತ್ತಮವೆಂದು ಅರ್ಥವಲ್ಲ. ದಾಖಲೆಯಲ್ಲಿಲ್ಲದ ಪ್ರಯೋಗಕ್ಕೆ ಮಾತ್ರ ಎಂದಿಗೂ ಒಪ್ಪತಕ್ಕದ್ದಲ್ಲ.

ಇದಕ್ಕೆ ಸೇರಿದಂತೆ ಇನ್ನೊಂದು ಎಚ್ಚರಿಕೆ. ಪ್ರಯೋಗದ ಔಷಧಕ್ಕಾಗಿ ರೋಗಿಯಿಂದ ಲಕ್ಷಗಟ್ಟಲೆ ಹಣ ಕೇಳುವವರು ನಡೆಸುತ್ತಿರುವುದು ವ್ಯಾಪಾರ, ಪ್ರಯೋಗವಲ್ಲ. ಸ್ಟೆಮ್ ಸೆಲ್ ಹೆಸರಿನಲ್ಲಿ ಎಳೆಯ ಮಕ್ಕಳ ತಂದೆತಾಯಂದಿರ ಆಸೆಯನ್ನು ಬಂಡವಾಳವಾಗಿಸಿಕೊಂಡವರನ್ನು ನಮ್ಮ ನಗರಗಳು ಕಂಡಿವೆ. ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳನ್ನು ಬಿಟ್ಟರೆ, ಸ್ಟೆಮ್ ಸೆಲ್ ಚಿಕಿತ್ಸೆಯು ಅನುಮತಿ ಪಡೆದ ಸಂಶೋಧನೆಯೊಳಗಲ್ಲದೆ ಬೇರೆಲ್ಲಿಯೂ ಸಲ್ಲದೆಂದು 2017ರ ರಾಷ್ಟ್ರೀಯ ಮಾರ್ಗಸೂಚಿಯು ಹೇಳಿದೆ.

ಸೇರಲು ಮನಸ್ಸು ಮಾಡಿದವನ ಮುಂದೆ ಬರುವುದು ಮಾಹಿತಿಪತ್ರ ಮತ್ತು ಒಪ್ಪಿಗೆಪತ್ರ. ಇದರಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ನಮ್ಮಲ್ಲಿ ಅನ್ಯಾಯವು ನುಸುಳಿದ್ದು ಬಹುಮಟ್ಟಿಗೆ ಈ ಬಾಗಿಲಿನಿಂದ. 2009–10ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿಯೂ ಗುಜರಾತಿನ ವಡೋದರಾದಲ್ಲಿಯೂ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಯನ್ನು ಹೆಣ್ಣುಮಕ್ಕಳಿಗೆ ಹಾಕಿದ ಯೋಜನೆಯಲ್ಲಿ, ಖಮ್ಮಂನ ಹಾಸ್ಟೆಲುಗಳ ಎಷ್ಟೋ ಬಾಲಕಿಯರ ಒಪ್ಪಿಗೆಪತ್ರಕ್ಕೆ ತಂದೆತಾಯಿಗಳ ಬದಲು ವಾರ್ಡನ್ನರೇ ಸಹಿ ಮಾಡಿದ್ದರು. ಲಸಿಕೆ ಪಡೆದವರಲ್ಲಿ ಆ ಅವಧಿಯಲ್ಲಿ ಸಂಭವಿಸಿದ ಮರಣಗಳಿಗೆ ಲಸಿಕೆಯು ಕಾರಣವೆಂದು ವಿಚಾರಣೆಯಿಂದ ತೋರಲಿಲ್ಲ. ಆದರೂ ಒಪ್ಪಿಗೆ ಪಡೆದ ರೀತಿಯನ್ನು ಸಂಸತ್ತಿನ ಸಮಿತಿಯು 2013ರಲ್ಲಿ ಕಠಿಣವಾಗಿ ಖಂಡಿಸಿತು. ಅಂದಿನ ದಿನಗಳಲ್ಲಿಯೇ, ಸ್ವಾಸ್ಥ್ಯ ಅಧಿಕಾರ್ ಮಂಚ್ ಎಂಬ ಸಂಸ್ಥೆಯು 2012ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಸರಕಾರವನ್ನು ಎಚ್ಚರಿಸಿದುದರಿಂದ ನಿಯಮಗಳು ಬಿಗಿಯಾದವು. 2019ರ ಮಾರ್ಚ್ ತಿಂಗಳಿನಲ್ಲಿ ಹೊಸ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಾವಳಿಯು ಜಾರಿಗೆ ಬಂದಿತು.

ಆ ನಿಯಮಾವಳಿಯ ಪ್ರಕಾರ, ಮಾಹಿತಿಯು ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಕನ್ನಡ ಮಾತ್ರ ಬಲ್ಲವನ ಕೈಗೆ ಇಂಗ್ಲಿಷ್ ಪತ್ರವಿತ್ತು ಸಹಿ ಹಾಕಿಸಿಕೊಳ್ಳುವುದು ನಿಯಮದ ಉಲ್ಲಂಘನೆ. ಓದಲು ಬಾರದವನಾದರೆ, ಪ್ರಯೋಗಕ್ಕೆ ಸಂಬಂಧಿಸದ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬನು ವಿವರಣೆ ನಡೆಯುವಷ್ಟು ಹೊತ್ತೂ ಎದುರಿಗಿರಬೇಕು. ದುರ್ಬಲ ವರ್ಗದವರು ಹೊಸ ರಾಸಾಯನಿಕ ಔಷಧದ ಪ್ರಯೋಗಕ್ಕೆ ಸೇರುವಾಗ, ಒಪ್ಪಿಗೆಯ ಸಂಭಾಷಣೆಯನ್ನೆಲ್ಲ ದೃಶ್ಯ ಮತ್ತು ಧ್ವನಿಗಳಲ್ಲಿ ಮುದ್ರಿಸಿಕೊಳ್ಳಬೇಕು. ಸಹಿಯಾದ ಪತ್ರದ ಪ್ರತಿಯೊಂದು ರೋಗಿಯ ಕೈಸೇರಬೇಕು. ಪತ್ರದಲ್ಲಿ ರೋಗಿಯ ಉದ್ಯೋಗ, ವಾರ್ಷಿಕ ಆದಾಯ, ನಾಮಿನಿಯ ಹೆಸರು, ಇವನ್ನೂ ಕೇಳಿರುವುದನ್ನು ಕಂಡು ಕೆಲವರು ಬೆದರುತ್ತಾರೆ. ಅಪಾಯವಾದರೆ ಪರಿಹಾರವು ಸೇರಬೇಕಾದವರಿಗೆ ಸೇರಲೆಂಬುದೇ ಅದರ ಉದ್ದೇಶ. ಪ್ರಯೋಗದ ಅವಧಿಯಲ್ಲಿ ಗಂಭೀರವಾದ ತೊಂದರೆ ಉಂಟಾದರೆ ಸಂಶೋಧಕನು 24 ಗಂಟೆಗಳೊಳಗೆ ಔಷಧ ನಿಯಂತ್ರಕರಿಗೂ ಪ್ರಾಯೋಜಕರಿಗೂ ನೈತಿಕತಾ ಸಮಿತಿಗೂ ವರದಿ ಮಾಡತಕ್ಕದ್ದು; ರೋಗಿಗೆ ಉಚಿತವಾದ ಚಿಕಿತ್ಸೆಯೂ, ತೊಂದರೆಯು ಪ್ರಯೋಗದಿಂದಲೇ ಆದುದೆಂದು ನಿರ್ಣಯವಾದರೆ ಹಣದ ಪರಿಹಾರವೂ ಸಲ್ಲತಕ್ಕದ್ದು. ಆಸ್ಪತ್ರೆಯವರು ಎಥಿಕ್ಸ್ ಕಮಿಟಿ ಎನ್ನುವ ಆ ಸಮಿತಿಯಲ್ಲಿ ಕನಿಷ್ಠ ಏಳು ಮಂದಿ ಇರಬೇಕು, ಅರ್ಧದಷ್ಟಾದರೂ ಆ ಸಂಸ್ಥೆಗೆ ಹೊರಗಿನವರಾಗಿರಬೇಕು, ಕಾನೂನು ಬಲ್ಲವನೂ ವೈದ್ಯನಲ್ಲದ ಸಾಮಾನ್ಯ ಪ್ರಜೆಯೂ ಇರಬೇಕು. ಸಂದೇಹ ಬಂದಾಗ ರೋಗಿಯು ಈ ಸಮಿತಿಯನ್ನು ನೇರವಾಗಿ ವಿಚಾರಿಸಬಹುದು; ಅದರ ವಿಳಾಸ, ದೂರವಾಣಿ ಸಂಖ್ಯೆಗಳು ಮಾಹಿತಿಪತ್ರದಲ್ಲಿ ಇರಬೇಕಾದವು.

ಇವೆಲ್ಲವೂ ಕಾಗದದ ಮೇಲಿನ ರಕ್ಷಣೆ. ಇವುಗಳಿಗೆ ಜೀವ ಬರುವುದು ರೋಗಿಯು ಬಾಯಿ ತೆರೆದಾಗ. ನಮ್ಮ ಹಳ್ಳಿಗರು ದೊಡ್ಡ ಆಸ್ಪತ್ರೆಯ ಬಿಳಿ ಕೋಟನ್ನು ಕಂಡೊಡನೆ “ನೀವು ಹೇಳಿದ ಹಾಗೆ ಆಗಲಿ ಸ್ವಾಮಿ, ದೇವರು ಇದ್ದ ಹಾಗೆ ಇದ್ದೀರಿ” ಎಂದುಬಿಡುತ್ತಾರೆ. ಆ ವಿಶ್ವಾಸವು ಆದರಣೀಯವಾದದ್ದೇ. ಆದರೆ ಚಿಕಿತ್ಸೆ ಕೊಡುವವನೂ ಪ್ರಯೋಗ ನಡೆಸುವವನೂ ಒಬ್ಬನೇ ಆಗಿರುವಾಗ, ಬೇಡವೆಂದರೆ ಇವರು ನನ್ನನ್ನು ಕೈಬಿಟ್ಟಾರೋ ಎಂಬ ಅಳುಕು ಅದರೊಳಗೇ ಅಡಗಿರುವುದುಂಟು. ಬೇಡವೆಂದವನಿಗೂ ರೂಢಿಯ ಚಿಕಿತ್ಸೆ ಎಂದಿನಂತೆಯೇ ಸಲ್ಲುವುದು. ಸೇರಿದವನೂ, ಕಾರಣವನ್ನು ಹೇಳದೆ, ಯಾವಾಗ ಬೇಕಾದರೂ ಹೊರಬರಬಹುದು. ಹೊರಬರುವಾಗ ಮಾತ್ರ ಔಷಧವನ್ನು ಥಟ್ಟನೆ ನಿಲ್ಲಿಸದೆ ವೈದ್ಯರಿಗೆ ತಿಳಿಸಿ ಬಿಡುವುದು ಕ್ಷೇಮ, ಏಕೆಂದರೆ ಕೆಲವು ಔಷಧಗಳನ್ನು ಹಠಾತ್ತಾಗಿ ಬಿಡುವುದೇ ಅಪಾಯ. ಮೊದಲೇ ಸೇವಿಸುತ್ತಿರುವ ಬೇರೆ ಮದ್ದುಗಳನ್ನು, ನಾಟಿ ಔಷಧವೇ ಆಗಿರಲಿ, ಮರೆಮಾಚಬಾರದು. ಮರೆಮಾಚಿದರೆ ತನಗೂ ಕೇಡು, ಪ್ರಯೋಗದ ಸತ್ಯಕ್ಕೂ ಕೇಡು.

ಎಲ್ಲರೂ ಸೇರಬೇಕೆಂದು ನಾನು ಹೇಳಲಾರೆ. ಪದೇ ಪದೇ ಊರಿಂದ ಬಂದು ರಕ್ತ ಕೊಡಬೇಕಾದ, ಕೂಲಿಯ ದಿನಗಳನ್ನು ಕಳೆದುಕೊಳ್ಳಬೇಕಾದ ಬಡವನಿಗೆ ಇದು ಹಗುರವಾದ ಹೊರೆಯಲ್ಲ. ಪ್ರಯಾಣದ ವೆಚ್ಚವನ್ನು ಕೇಳಿ ಪಡೆಯುವುದರಲ್ಲಿ ಸಂಕೋಚವೂ ಬೇಕಿಲ್ಲ. ಆದರೆ ಕೇಳಬೇಕಾದುದನ್ನು ಕೇಳಿ, ತಿಳಿಯಬೇಕಾದುದನ್ನು ತಿಳಿದು ಸೇರುವವನು ಯಾರ ಕೈಯ ಪ್ರಯೋಗಪಶುವೂ ಅಲ್ಲ. ವೈದ್ಯನು ಒಬ್ಬನೇ ಬಿಡಿಸಲಾರದ ಪ್ರಶ್ನೆಯೊಂದನ್ನು ಅವನೊಡನೆ ಕೂಡಿ ಬಿಡಿಸುವ ಸಹೋದ್ಯೋಗಿ.

ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹ ಇಷ್ಟು. ಪ್ರಯೋಗದ ಕರೆ ನಿಮಗೋ ನಿಮ್ಮ ಮನೆಯವರಿಗೋ ಬಂದರೆ, ಸಿಟಿಆರ್‌ಐ ಸಂಖ್ಯೆಯನ್ನು ಕೇಳಿ. ಮಾಹಿತಿಪತ್ರವನ್ನು ಕನ್ನಡದಲ್ಲಿ ಕೇಳಿ, ಅಲ್ಲಿಯೇ ಸಹಿ ಹಾಕದೆ ಮನೆಗೆ ತಂದು ಓದಿಸಿ ಕೇಳಿ. ಎರಡನೆಯ ಸಲ ಹೋಗುವಾಗ ಧೈರ್ಯವಾಗಿ ಮಾತನಾಡಬಲ್ಲ ನೆಂಟನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ. ಸೇರಿದರೆ, ಪ್ರಯೋಗ ಮುಗಿದ ಮೇಲೆ ಫಲಿತಾಂಶವೇನಾಯಿತೆಂದು ಕೇಳುವುದನ್ನು ಮರೆಯಬೇಡಿ.